ಲಕ್ಷ ಕೋಟಿಯಲ್ಲಿ ಒಂದು

ಇಂತಿಷ್ಟು ದ್ರಾವಣದಲ್ಲಿ ಇಂತಿಷ್ಟು ವಸ್ತು ಕರಗಿದೆ ಎಂಬ ಲೆಕ್ಕಕ್ಕೆ ಸಾರತೆ ಎಂದು ಹೆಸರು. ದಿನಬಳಕೆಯ ದ್ರಾವಣಗಳಿಗೆ ಶೇಕಡಾ ಲೆಕ್ಕವೇ ಸಾಕು. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಶೇ. 0.9ರ ಉಪ್ಪುನೀರು, ಎಂದರೆ ಲೀಟರಿಗೆ 9 ಗ್ರಾಂ ಉಪ್ಪು. ಸಮುದ್ರದ ನೀರಿನಲ್ಲಿ ಲವಣಗಳು ಸುಮಾರು ಶೇ. 3.5. ದ್ರಾವಣ ತೆಳುವಾಗುತ್ತ ಹೋದಂತೆ ಮಾತ್ರ ಈ ಲೆಕ್ಕ ಕೈಗೆ ಸಿಗದಂತಾಗುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೊದ ಐಎಸ್ 10500. ಇದನ್ನೇ ಶೇಕಡಾದಲ್ಲಿ ಬರೆದರೆ 0.0001. ಆರ್ಸೆನಿಕ್‌ನ ಮಿತಿ ಲೀಟರಿಗೆ 0.01 ಮಿಲಿಗ್ರಾಂ; ಶೇಕಡಾದಲ್ಲಿ 0.000001. ಸೊನ್ನೆಗಳನ್ನು ಬೆರಳಿಟ್ಟು ಎಣಿಸಬೇಕಾದ ಇಂಥ ಸಂಖ್ಯೆಯಲ್ಲಿ ಒಂದು ಸೊನ್ನೆ ಜಾರಿದರೂ ಹತ್ತು ಪಟ್ಟು ವ್ಯತ್ಯಾಸ. ವಿಷದ ವಿಚಾರದಲ್ಲಿ ಹತ್ತು ಪಟ್ಟು ಎಂದರೆ ಕುಡಿಯಬಹುದಾದ ನೀರಿಗೂ ಕುಡಿಯಬಾರದ ನೀರಿಗೂ ಇರುವ ಅಂತರ.

ಹಾಗಾಗಿ ನೂರರ ಬದಲು ಇನ್ನೂ ದೊಡ್ಡ ಸಂಖ್ಯೆಯನ್ನು ಆಧಾರವಾಗಿ ಹಿಡಿಯುವ ಪದ್ಧತಿ ಬಂತು. ಹತ್ತು ಲಕ್ಷ ಭಾಗ ದ್ರಾವಣದಲ್ಲಿ ಒಂದು ಭಾಗ ವಸ್ತುವಿದ್ದರೆ ಅದು 1 ಪಿಪಿಎಂ (ಪಾರ್ಟ್ಸ್ ಪರ್ ಮಿಲಿಯನ್). ನೂರು ಕೋಟಿ ಭಾಗದಲ್ಲಿ ಒಂದಿದ್ದರೆ 1 ಪಿಪಿಬಿ (ಪಾರ್ಟ್ಸ್ ಪರ್ ಬಿಲಿಯನ್). ಲಕ್ಷ ಕೋಟಿ ಭಾಗದಲ್ಲಿ ಒಂದಿದ್ದರೆ 1 ಪಿಪಿಟಿ (ಪಾರ್ಟ್ಸ್ ಪರ್ ಟ್ರಿಲಿಯನ್). ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಸಾವಿರ ಪಟ್ಟು ತೆಳು. ಫ್ಲೋರೈಡ್ ಮೊದಲ ಮೆಟ್ಟಿಲಿನಲ್ಲಿ ಸಿಗುವ ವಸ್ತು. ಆರ್ಸೆನಿಕ್, ಸೀಸ, ಪಾದರಸಗಳ ಮಿತಿ ಎರಡನೆಯ ಮೆಟ್ಟಿಲಿನದು. ಕೆಲವು ಕೀಟನಾಶಕಗಳು, ಡಯಾಕ್ಸಿನ್‌ನಂಥ ವಿಷಗಳು ಮೂರನೆಯ ಮೆಟ್ಟಿಲಿಗೂ ಅದರ ಕೆಳಕ್ಕೂ ಇಳಿಯುತ್ತವೆ.

ಲಕ್ಷ ಕೋಟಿ ಎಂಬುದು ಬಾಯಿಗೆ ಸುಲಭ, ಮನಸ್ಸಿಗೆ ಕಷ್ಟ. ಕನ್ನಂಬಾಡಿ ಕಟ್ಟೆ ಇಲ್ಲಿ ನೆರವಿಗೆ ಬರುತ್ತದೆ. ಅದರ ಹಿಂದಿನ ಕೃಷ್ಣರಾಜಸಾಗರದ ಪೂರ್ಣ ಸಾಮರ್ಥ್ಯ 49.45 ಟಿಎಂಸಿ ಅಡಿ. ಒಂದು ಟಿಎಂಸಿ ಅಡಿ ಎಂದರೆ ಸುಮಾರು 2,832 ಕೋಟಿ ಲೀಟರ್. ಗುಣಿಸಿದರೆ ತುಂಬಿದ ಜಲಾಶಯದಲ್ಲಿ ಸುಮಾರು 1.4 ಲಕ್ಷ ಕೋಟಿ ಲೀಟರ್ ನೀರು, ತೂಕದಲ್ಲಿ ಅಷ್ಟೇ ಕಿಲೋ. ಒಂದು ವಸ್ತುವಿನ 1.4 ಕಿಲೋ ಆ ನೀರಿನಲ್ಲಿ ಎಲ್ಲ ಕಡೆಯೂ ಸಮನಾಗಿ ಬೆರೆತರೆ ಸಾರತೆ 1 ಪಿಪಿಟಿ. 1 ಪಿಪಿಬಿ ಆಗಬೇಕಾದರೆ 1.4 ಟನ್ ಬೇಕು; 1 ಪಿಪಿಎಂ ಆಗಬೇಕಾದರೆ 1,400 ಟನ್, ಎಂದರೆ ನೂರಕ್ಕೂ ಹೆಚ್ಚು ಲಾರಿ ಲೋಡು. ಇಷ್ಟು ತೆಳುವಾದ ಮೇಲೆ ವಸ್ತು ಇದ್ದರೂ ಇಲ್ಲದಂತೆಯೇ ಎಂದು ಯಾರಿಗಾದರೂ ತೋರಬಹುದು. ಮನುಷ್ಯನ ಮೂಗು ಹಾಗೆ ಭಾವಿಸುವುದಿಲ್ಲ. ಮೊದಲ ಮಳೆಗೆ ನೆಲದಿಂದ ಏಳುವ ಮಣ್ಣಿನ ವಾಸನೆಗೆ ಕಾರಣವಾದ ಜಿಯಾಸ್ಮಿನ್ ಎಂಬ ವಸ್ತು ನೀರಿನಲ್ಲಿ 5ರಿಂದ 10 ಪಿಪಿಟಿಯಷ್ಟಿದ್ದರೆ ಸಾಕು, ಕುಡಿಯುವವರು ನೀರು ಮಣ್ಣು ಮಣ್ಣು ಎಂದು ದೂರುತ್ತಾರೆ. ಕನ್ನಂಬಾಡಿಯ ಅಷ್ಟೂ ನೀರಿಗೆ ವಾಸನೆ ಹಿಡಿಸಲು ಹತ್ತು ಕಿಲೋ ಆಸುಪಾಸಿನ ಜಿಯಾಸ್ಮಿನ್ ಸಾಕೆಂದಾಯಿತು.

ಈ ಮೂರು ಸಂಕ್ಷೇಪಗಳಲ್ಲಿ ಮೊದಲನೆಯದು ನಿರಪಾಯಕಾರಿ. ಉಳಿದ ಎರಡರ ಮೇಲೆ ಅಳತೆಶಾಸ್ತ್ರದವರಿಗೆ ಹಳೆಯ ಮುನಿಸು. ಬಿಲಿಯನ್ ಎಂದರೆ ಅಮೆರಿಕದಲ್ಲಿ ನೂರು ಕೋಟಿ. ಜರ್ಮನಿ, ಫ್ರಾನ್ಸ್‌ಗಳಲ್ಲಿ ಇಂದಿಗೂ ಲಕ್ಷ ಕೋಟಿ. ಬ್ರಿಟನ್ ಸರ್ಕಾರ ಅಮೆರಿಕದ ಲೆಕ್ಕಕ್ಕೆ ಬಂದದ್ದು 1974ರಲ್ಲಿ. ಅದಕ್ಕಿಂತ ಹಳೆಯ ಇಂಗ್ಲಿಷ್ ವರದಿಗಳಲ್ಲಿ ಬಿಲಿಯನ್ ಕಂಡರೆ ಯಾವ ಬಿಲಿಯನ್ ಎಂದು ಕೇಳಿಕೊಳ್ಳಬೇಕು. ಪಿಪಿಟಿಯ ಕಥೆ ಇನ್ನೂ ಗೋಜಲು. ಸಮುದ್ರದ ಉಪ್ಪಿನಂಶವನ್ನು ಅಳೆಯುವವರು ಅದೇ ಮೂರಕ್ಷರವನ್ನು ‘ಸಾವಿರದಲ್ಲಿ ಇಷ್ಟು’ ಎಂಬರ್ಥದಲ್ಲಿ ಬಳಸುತ್ತಾರೆ. ಅವರ 35 ಪಿಪಿಟಿ ಎಂದರೆ ಕಿಲೋಗೆ 35 ಗ್ರಾಂ. ಕೀಟನಾಶಕ ಅಳೆಯುವವರ 35 ಪಿಪಿಟಿಗಿಂತ ನೂರು ಕೋಟಿ ಪಟ್ಟು ಹೆಚ್ಚು. ಅಂತರರಾಷ್ಟ್ರೀಯ ಮಾನಪದ್ಧತಿಯ ಕೈಪಿಡಿ ಪಿಪಿಎಂ ಅನ್ನು ಸಹಿಸಿಕೊಳ್ಳುತ್ತದೆ, ಪಿಪಿಬಿ ಮತ್ತು ಪಿಪಿಟಿಗಳನ್ನು ಬಿಡುವುದೇ ಲೇಸು ಎನ್ನುತ್ತದೆ. ಲಕ್ಷ, ಕೋಟಿಗಳಲ್ಲಿ ಎಣಿಸುವವರಿಗೆ ಈ ಗೊಂದಲವಿಲ್ಲವಾದರೂ ಸಂಕ್ಷೇಪಗಳು ಮಾತ್ರ ಇಂಗ್ಲಿಷಿನವೇ ಆಗಿ ಉಳಿದಿವೆ.

ಭದ್ರವಾದ ದಾರಿಯೆಂದರೆ ಅಳತೆಯ ಏಕಮಾನವನ್ನೇ ನೇರವಾಗಿ ಬರೆಯುವುದು: ಲೀಟರಿಗೆ ಇಷ್ಟು ಮಿಲಿಗ್ರಾಂ, ಇಷ್ಟು ಮೈಕ್ರೊಗ್ರಾಂ, ಇಷ್ಟು ನ್ಯಾನೊಗ್ರಾಂ. ಮಿಲಿಗ್ರಾಂ ಗ್ರಾಂನ ಸಾವಿರದಲ್ಲಿ ಒಂದು ಭಾಗ, ಮೈಕ್ರೊಗ್ರಾಂ ಅದರ ಸಾವಿರದಲ್ಲಿ ಒಂದು ಭಾಗ. ನ್ಯಾನೊ, ಪಿಕೊ, ಫೆಮ್ಟೊಗಳು ಇದೇ ಕ್ರಮದಲ್ಲಿ ಕೆಳಗಿಳಿಯುತ್ತವೆ. ನೀರಿನ ವರದಿಗಳಲ್ಲಿ ಪಿಪಿಎಂ ಮತ್ತು ಲೀಟರಿಗೆ ಮಿಲಿಗ್ರಾಂ ಎರಡನ್ನೂ ಒಂದೇ ಎಂಬಂತೆ ಬಳಸುವುದು ವಾಡಿಕೆ. ಕಾರಣ ಸರಳ. ಒಂದು ಲೀಟರ್ ನೀರಿನ ತೂಕ ಹೆಚ್ಚುಕಡಿಮೆ ಒಂದು ಕಿಲೋ. ಒಂದು ಕಿಲೋದಲ್ಲಿ ಹತ್ತು ಲಕ್ಷ ಮಿಲಿಗ್ರಾಂ. ಆದ್ದರಿಂದ ಲೀಟರಿಗೆ 1 ಮಿಲಿಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಒಂದು. ಈ ಸಮೀಕರಣ ಸಿಹಿನೀರಿಗೆ ಮಾತ್ರ ಒಪ್ಪುತ್ತದೆ. ಸಮುದ್ರದ ಒಂದು ಲೀಟರ್ ನೀರು ಸುಮಾರು 1.025 ಕಿಲೋ ತೂಗುವುದರಿಂದ ಅಲ್ಲಿ ಎರಡೂವರೆ ಶೇಕಡಾ ವ್ಯತ್ಯಾಸ ಬರುತ್ತದೆ. ಆಲ್ಕೊಹಾಲ್‌ನಲ್ಲಿ ಕರಗಿಸಿದರೆ ವ್ಯತ್ಯಾಸ ಇನ್ನೂ ಹೆಚ್ಚು: ಶುದ್ಧ ಎಥನಾಲ್‌ನ ಲೀಟರ್ 790 ಗ್ರಾಂ ಕೂಡ ತೂಗದ ಕಾರಣ ಲೀಟರಿಗೆ 1 ಮಿಲಿಗ್ರಾಂ ಎಂಬುದು ಅಲ್ಲಿ 1.27 ಪಿಪಿಎಂ. ಲೀಟರಿನ ಲೆಕ್ಕಕ್ಕೆ ಇನ್ನೊಂದು ದೌರ್ಬಲ್ಯವೂ ಇದೆ. ಬಿಸಿಯಾದರೆ ದ್ರವ ಹಿಗ್ಗುತ್ತದೆ, ಒಳಗಿನ ವಸ್ತು ಅಷ್ಟೇ ಇದ್ದರೂ ಲೀಟರಿನ ಲೆಕ್ಕದಲ್ಲಿ ಸಾರತೆ ಇಳಿಯುತ್ತದೆ. ಕಿಲೋ ಲೆಕ್ಕಕ್ಕೆ ಉಷ್ಣತೆಯ ಹಂಗಿಲ್ಲ. ಸಾಗರಶಾಸ್ತ್ರಜ್ಞರು ಕಿಲೋಗೇ ಅಂಟಿಕೊಂಡಿರುವುದು ಇದಕ್ಕಾಗಿ.

ಮೈಕ್ರೊಗ್ರಾಂ ಬರೆಯುವ ಗ್ರೀಕ್ ಅಕ್ಷರ ‘ಮ್ಯೂ’ ಟೈಪ್ ಮಾಡುವಾಗ ಕಳಚಿ ‘ಎಂ’ ಆಗುವುದುಂಟು. ಆಗ ಮೈಕ್ರೊಗ್ರಾಂ ಸದ್ದಿಲ್ಲದೆ ಮಿಲಿಗ್ರಾಂ ಆಗಿ ಸಾವಿರ ಪಟ್ಟು ಬೆಳೆಯುತ್ತದೆ. ಥೈರಾಯ್ಡ್ ಮಾತ್ರೆಯಂಥವುಗಳ ಮೇಲೆ ‘ಎಂಸಿಜಿ’ ಎಂದು ಮೂರಕ್ಷರದಲ್ಲಿ ಅಚ್ಚಾಗಿರುವುದರ ಹಿಂದೆ ಈ ಭಯವಿದೆ.

ಪಿಪಿಎಂ ಎಂಬ ಅಳತೆ ಇಂದು ಮನೆಮನೆಗೂ ತಲುಪಿರುವುದು ಟಿಡಿಎಸ್ (ಕರಗಿದ ಒಟ್ಟು ಘನವಸ್ತು) ಮೀಟರಿನ ಮೂಲಕ. ಪೆನ್ನಿನಂಥ ಆ ಸಾಧನವನ್ನು ನೀರಿನಲ್ಲಿ ಅದ್ದಿದರೆ 320 ಪಿಪಿಎಂ, 85 ಪಿಪಿಎಂ ಎಂದು ಅಂಕಿ ಮೂಡುತ್ತದೆ; ಆರ್‌ಒ ಯಂತ್ರ ಮಾರುವವರ ಕೈಯಲ್ಲಿ ಅದೊಂದು ಮಂತ್ರದಂಡ. ಮೀಟರು ನಿಜವಾಗಿ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಕರಗಿದ ಲವಣಗಳು ಅಯಾನುಗಳಾಗಿ ವಿದ್ಯುತ್ತನ್ನು ಹರಿಯಗೊಡುತ್ತವೆ. ಆ ವಾಹಕತೆಯನ್ನು 0.5ರಿಂದ 0.7ರ ನಡುವಿನ ಒಂದು ಸಂಖ್ಯೆಯಿಂದ ಗುಣಿಸಿ ಪಿಪಿಎಂ ಎಂದು ತೋರಿಸಲಾಗುತ್ತದೆ. ಆ ಗುಣಕ ನೀರಿನಲ್ಲಿ ಯಾವ ಲವಣವಿದೆ ಎಂಬುದನ್ನು ಅವಲಂಬಿಸುವುದರಿಂದ ಉತ್ತರ ಅಂದಾಜು ಮಾತ್ರ. ಇದಕ್ಕಿಂತ ಮುಖ್ಯವಾದುದು ಮೀಟರು ಕಾಣದ ಸಂಗತಿ. ಫ್ಲೋರೈಡ್ ಸಮಸ್ಯೆಗೆ ಹೆಸರಾದ ಪಾವಗಡದ ಕಡೆಯದೋ ಮುಂಡರಗಿಯ ಕಡೆಯದೋ ಒಂದು ಕೊಳವೆಬಾವಿಯ ನೀರಿನಲ್ಲಿ ಒಟ್ಟು ಲವಣ 800 ಪಿಪಿಎಂ, ಫ್ಲೋರೈಡ್ 3 ಪಿಪಿಎಂ ಇದೆಯೆಂದು ಇಟ್ಟುಕೊಂಡರೆ, ಹಲ್ಲು ಮೂಳೆಗಳನ್ನು ಕೆಡಿಸುವ ಆ ಮೂರು ಒಟ್ಟು ಎಂಟುನೂರರಲ್ಲಿ ಅಡಗಿ ಕೂತಿರುತ್ತದೆ. 10 ಪಿಪಿಬಿ ಆರ್ಸೆನಿಕ್ ಅಂತೂ ಮೀಟರಿನ ಕೊನೆಯ ಅಂಕಿಯ ನೂರನೇ ಒಂದು ಭಾಗ. ಟಿಡಿಎಸ್ ಕಡಿಮೆ ಇದ್ದ ಮಾತ್ರಕ್ಕೆ ನೀರು ಸುರಕ್ಷಿತವೂ ಅಲ್ಲ, ಹೆಚ್ಚಿದ್ದ ಮಾತ್ರಕ್ಕೆ ವಿಷವೂ ಅಲ್ಲ.

ಅಂಕಿಯೂ ಏಕಮಾನವೂ ಸರಿಯಿದ್ದು ಅರ್ಥ ಕೆಡುವ ಇನ್ನೊಂದು ಸಂದರ್ಭವಿದೆ: ಯಾವ ರೂಪದಲ್ಲಿ ಎಣಿಸಿದ್ದು ಎಂದು ಹೇಳದಿರುವುದು. ನೈಟ್ರೇಟ್ ಇದಕ್ಕೆ ಪಾಠದಂಥ ಉದಾಹರಣೆ. ಭಾರತದಲ್ಲಿ ಕುಡಿಯುವ ನೀರಿನ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅಮೆರಿಕದಲ್ಲಿ 10 ಮಿಲಿಗ್ರಾಂ. ಅಮೆರಿಕದ ನಿಯಮ ನಾಲ್ಕೂವರೆ ಪಟ್ಟು ಬಿಗಿ ಎಂದು ಯಾರಾದರೂ ಬರೆದರೆ ಆಶ್ಚರ್ಯವಿಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಮಿತಿ. ಭಾರತ ಇಡೀ ನೈಟ್ರೇಟ್ ಅಯಾನನ್ನು ತೂಗುತ್ತದೆ. ಅಮೆರಿಕ ಅದರೊಳಗಿನ ನೈಟ್ರೊಜನ್ ಮಾತ್ರ ತೂಗುತ್ತದೆ. ನೈಟ್ರೇಟ್ ಅಯಾನಿನ ತೂಕ 62 ಇದ್ದರೆ ಅದರಲ್ಲಿ ನೈಟ್ರೊಜನ್ ಪಾಲು 14. ಹತ್ತನ್ನು 62ರಿಂದ ಗುಣಿಸಿ 14ರಿಂದ ಭಾಗಿಸಿದರೆ 44 ಚಿಲ್ಲರೆ.

ನೀರಿನ ಗಡಸುತನದ ಲೆಕ್ಕ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸೋಪಿನ ನೊರೆ ಬಾರದಂತೆ ಮಾಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳು. ವರದಿಯಲ್ಲಿ ಮಾತ್ರ ಎರಡನ್ನೂ ಸೇರಿಸಿ ‘ಕ್ಯಾಲ್ಸಿಯಂ ಕಾರ್ಬೊನೇಟ್ ರೂಪದಲ್ಲಿ ಲೀಟರಿಗೆ 200 ಮಿಲಿಗ್ರಾಂ’ ಎಂದು ಬರೆಯುತ್ತಾರೆ. ಆ ನೀರಿನಲ್ಲಿ 200 ಮಿಲಿಗ್ರಾಂ ಸುಣ್ಣದ ಕಲ್ಲು ಕರಗಿದೆಯೆಂದು ಇದರ ಅರ್ಥವಲ್ಲ. ಅಲ್ಲಿರುವ ಅಯಾನುಗಳೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದಲೇ ಬಂದಿದ್ದರೆ ಅದು ಎಷ್ಟಾಗುತ್ತಿತ್ತು ಎಂಬ ಕಾಲ್ಪನಿಕ ಲೆಕ್ಕ ಅದು. ಅದರ ಅಣುತೂಕ 100 ಎಂಬ ದುಂಡುಸಂಖ್ಯೆಯಾದದ್ದು ಲೆಕ್ಕಿಗರಿಗೆ ಒದಗಿದ ಅದೃಷ್ಟ. 40 ಮಿಲಿಗ್ರಾಂ ಕ್ಯಾಲ್ಸಿಯಂ ಕಂಡರೂ 24.3 ಮಿಲಿಗ್ರಾಂ ಮೆಗ್ನೀಸಿಯಂ ಕಂಡರೂ ಗಡಸುತನ 100 ಎಂದೇ ಲೆಕ್ಕ. ಯುರೋಪಿನಲ್ಲಿ ಇದಕ್ಕೆ ಇನ್ನೂ ಜರ್ಮನ್ ಡಿಗ್ರಿ, ಫ್ರೆಂಚ್ ಡಿಗ್ರಿಗಳು ಚಾಲ್ತಿಯಲ್ಲಿವೆ. ಅಲ್ಲಿಂದ ತಂದ ಬಟ್ಟೆ ಒಗೆಯುವ ಯಂತ್ರದ ಕೈಪಿಡಿಯಲ್ಲಿ ಅವು ಇಣುಕುತ್ತವೆ. 1 ಜರ್ಮನ್ ಡಿಗ್ರಿ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ರೂಪದಲ್ಲಿ 17.85 ಪಿಪಿಎಂ.

ಗಡಸುತನದ ಲೆಕ್ಕದಲ್ಲಿ 40ಕ್ಕೂ 24.3ಕ್ಕೂ ಸಮಾನ ಬೆಲೆ ಸಿಕ್ಕಿದ್ದೇಕೆ? ಎರಡರಲ್ಲೂ ಅಯಾನುಗಳ ಸಂಖ್ಯೆ ಒಂದೇ ಆಗಿರುವುದರಿಂದ. ರಾಸಾಯನಿಕ ಕ್ರಿಯೆ ನಡೆಯುವುದು ಕಣಕ್ಕೆ ಕಣ ಎದುರಾಗಿ; ತೂಕದ ಪರಿವೆ ಅಣುಗಳಿಗಿಲ್ಲ. ತಕ್ಕಡಿಯ ಭಾಷೆಯಿಂದ ಎಣಿಕೆಯ ಭಾಷೆಗೆ ದಾಟಿಸುವ ಏಕಮಾನವೇ ಮೋಲ್. ಒಂದು ಮೋಲ್ ಎಂದರೆ ಸುಮಾರು 6.022 ಗುಣಿಸು 10ರ 23ನೇ ಘಾತದಷ್ಟು ಕಣಗಳು. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮತ್ತು ಲೀಟರಿಗೆ 1 ಮಿಲಿಗ್ರಾಂ ಸೀಸ, ಎರಡೂ 1 ಪಿಪಿಎಂ. ಫ್ಲೋರೀನ್ ಪರಮಾಣುವಿನ ತೂಕ 19, ಸೀಸದ್ದು 207. ಆದ್ದರಿಂದ ಮೊದಲ ಲೀಟರಿನಲ್ಲಿ ಎರಡನೆಯದಕ್ಕಿಂತ ಸುಮಾರು 11 ಪಟ್ಟು ಹೆಚ್ಚು ಕಣಗಳಿವೆ. ಅನಿಲಗಳ ವಿಚಾರದಲ್ಲಿ ಪಿಪಿಎಂ ಎಂದರೆ ವಾಡಿಕೆಯಾಗಿ ಕಣಗಳ ಎಣಿಕೆಯೇ: ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 420 ಪಿಪಿಎಂ ಮೀರಿದೆ ಎಂದಾಗ ಹತ್ತು ಲಕ್ಷ ಅಣುಗಳಲ್ಲಿ 420ಕ್ಕಿಂತ ಹೆಚ್ಚು ಎಂದರ್ಥ. ತೂಕದಲ್ಲಿ ಲೆಕ್ಕ ಹಾಕಿದರೆ ಅದೇ ಗಾಳಿ 640 ಪಿಪಿಎಂ ಸಮೀಪ ಬರುತ್ತದೆ.

ಎಣಿಕೆ, ತೂಕಗಳ ಈ ಜಗಳ ಜನಸಾಮಾನ್ಯರಿಗೆ ಎದುರಾಗುವುದು ರಕ್ತಪರೀಕ್ಷೆಯ ವರದಿಯಲ್ಲಿ. ಭಾರತದಲ್ಲಿ ಸಕ್ಕರೆಯನ್ನು ಡೆಸಿಲೀಟರಿಗೆ, ಎಂದರೆ 100 ಮಿಲಿಲೀಟರಿಗೆ, ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತಾರೆ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್. ಗ್ಲೂಕೋಸ್‌ನ ಅಣುತೂಕ 180 ಆಗಿರುವುದರಿಂದ ಮೊದಲನೆಯದನ್ನು 18ರಿಂದ ಭಾಗಿಸಿದರೆ ಎರಡನೆಯದು ಸಿಗುತ್ತದೆ. ಬರಿಹೊಟ್ಟೆಯಲ್ಲಿ ಮಧುಮೇಹದ ಗಡಿಯೆನಿಸಿದ 126 ಅಲ್ಲಿ 7.0. ಮೆಲ್ಬರ್ನ್‌ನಲ್ಲಿರುವ ಮಗ ‘ಶುಗರ್ ಆರು’ ಎಂದು ಫೋನಿನಲ್ಲಿ ಹೇಳಿದರೆ ಹಾಸನದಲ್ಲಿರುವ ತಾಯಿ ಗಾಬರಿಯಾಗಬೇಕಿಲ್ಲ. ಅದು ಇಲ್ಲಿನ 108. ಅದೇ ವರದಿಯ ಹಾಳೆಯಲ್ಲಿ ಸೋಡಿಯಂ ಲೀಟರಿಗೆ 140 ಮಿಲಿಮೋಲ್ ಎಂದಿರುತ್ತದೆ, ತೂಕದಲ್ಲಿ 3 ಗ್ರಾಂಗೆ ಮಿಕ್ಕಿ. ಕೆಳಗೆ ಬಿ12 ಜೀವಸತ್ವ ಮಿಲಿಲೀಟರಿಗೆ 300 ಪಿಕೊಗ್ರಾಂ. ಎರಡರ ನಡುವೆ ಒಂದು ಕೋಟಿ ಪಟ್ಟು ಅಂತರ. ಮಿಲಿಲೀಟರಿಗೆ ಪಿಕೊಗ್ರಾಂ ಎಂದರೂ ಲೀಟರಿಗೆ ನ್ಯಾನೊಗ್ರಾಂ ಎಂದರೂ ಒಂದೇ, ಅದು ಪಿಪಿಟಿಯ ಮೆಟ್ಟಿಲು. ಆ ಮೆಟ್ಟಿಲಿನಲ್ಲಿರುವ ವಸ್ತು ಕಡಿಮೆಯಾದರೆ ರಕ್ತಹೀನತೆ ಬರುತ್ತದೆ, ನರಗಳು ಸೊರಗುತ್ತವೆ.

ಸೊನ್ನೆಗಳ ಕಾಟದಿಂದ ಪೂರ್ತಿಯಾಗಿ ಪಾರಾಗುವ ಉಪಾಯವೊಂದನ್ನು 1909ರಲ್ಲಿ ಡೆನ್ಮಾರ್ಕ್‌ನ ಎಸ್. ಪಿ. ಎಲ್. ಸೋರೆನ್‌ಸೆನ್ ಕಂಡುಕೊಂಡರು. ಅವರು ಕೆಲಸ ಮಾಡುತ್ತಿದ್ದ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯ ಬಿಯರ್ ಕಂಪನಿಯೊಂದರ ಕೂಸು. ಕಿಣ್ವಗಳ ಕೆಲಸ ಆಮ್ಲೀಯತೆಯ ಮೇಲೆ ನಿಂತಿರುವುದರಿಂದ ಹೈಡ್ರೊಜನ್ ಅಯಾನಿನ ಸಾರತೆಯನ್ನು ಅಲ್ಲಿ ಪದೇ ಪದೇ ಬರೆಯಬೇಕಾಗುತ್ತಿತ್ತು. ಶುದ್ಧ ನೀರಿನಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಲೀಟರಿಗೆ 0.0000001 ಮೋಲ್, ಅಂದರೆ 10ರ ಮೈನಸ್ 7ನೇ ಘಾತ. ಸೋರೆನ್‌ಸೆನ್ ಘಾತವನ್ನು ಮಾತ್ರ ಇಟ್ಟುಕೊಂಡು ಮೈನಸ್ ಚಿಹ್ನೆಯನ್ನು ಕೈಬಿಟ್ಟರು. ಉಳಿದದ್ದು 7, ಅದೇ ಪಿಎಚ್. ಅನುಕೂಲದ ಜೊತೆಗೆ ಒಂದು ಮೋಸವೂ ಬಂತು. ಸಂಖ್ಯೆ ಒಂದು ಇಳಿದರೆ ಸಾರತೆ ಹತ್ತು ಪಟ್ಟು ಏರುತ್ತದೆ ಎಂಬುದನ್ನು ಕಣ್ಣು ಮರೆಯುತ್ತದೆ. ರಕ್ತದ ಪಿಎಚ್ 7.4ರಿಂದ 7.1ಕ್ಕೆ ಇಳಿಯಿತು ಎಂದರೆ ಅಲ್ಪ ಬದಲಾವಣೆಯಂತೆ ಕೇಳಿಸುತ್ತದೆ. ಹೈಡ್ರೊಜನ್ ಅಯಾನು ಲೀಟರಿಗೆ 40 ನ್ಯಾನೊಮೋಲ್‌ನಿಂದ ಸುಮಾರು 80ಕ್ಕೆ, ಎಂದರೆ ಇಮ್ಮಡಿಗೆ ಏರಿದೆ, ರೋಗಿ ಅಪಾಯದಲ್ಲಿದ್ದಾನೆ.

ತೀರ ತೆಳು ದ್ರಾವಣದಲ್ಲಿ ದ್ರಾವಕವೂ ಸುಮ್ಮನಿರುವುದಿಲ್ಲ ಎಂಬುದಕ್ಕೆ ಪಿಎಚ್ ಒಂದು ಚೆಂದದ ಸಾಕ್ಷಿ ಒದಗಿಸುತ್ತದೆ. ಲೀಟರಿಗೆ 10ರ ಮೈನಸ್ 3ನೇ ಘಾತ ಮೋಲ್ ಹೈಡ್ರೊಕ್ಲೋರಿಕ್ ಆಮ್ಲವಿದ್ದರೆ ಪಿಎಚ್ 3. ಅದನ್ನು ಲಕ್ಷ ಪಟ್ಟು ತೆಳುಮಾಡಿ ಮೈನಸ್ 8ನೇ ಘಾತಕ್ಕೆ ತಂದರೆ ಪಿಎಚ್ 8 ಎಂದು ಪಿಯುಸಿ ವಿದ್ಯಾರ್ಥಿಗಳು ಬರೆಯುತ್ತಾರೆ. 8 ಎಂದರೆ ಕ್ಷಾರ. ಆಮ್ಲಕ್ಕೆ ಎಷ್ಟೇ ನೀರು ಸುರಿದರೂ ಅದು ಕ್ಷಾರವಾಗಲಾರದು. ಇಲ್ಲಿ ನೀರೇ ತನ್ನ ಪಾಲಿನ ಅಯಾನುಗಳನ್ನು ಕೊಡುತ್ತಿದೆ, ಅದೂ ಆಮ್ಲ ಕೊಟ್ಟದ್ದಕ್ಕಿಂತ ಹೆಚ್ಚಾಗಿ. ಸರಿಯಾದ ಉತ್ತರ 6.98.

ಇಂಥ ದ್ರಾವಣಗಳನ್ನು ತಯಾರಿಸುವುದೂ ಒಂದು ವಿದ್ಯೆ. ಲೀಟರಿಗೆ 1 ಮೈಕ್ರೊಗ್ರಾಂ ದ್ರಾವಣ ಬೇಕೆಂದು ಒಂದು ಮೈಕ್ರೊಗ್ರಾಂ ತೂಗಹೊರಟರೆ ಸಾಮಾನ್ಯ ತಕ್ಕಡಿ ನಗುತ್ತದೆ. ಬದಲಿಗೆ ಮೊದಲು ಸುಲಭವಾಗಿ ತೂಗಬಹುದಾದ ಗಟ್ಟಿ ದ್ರಾವಣ ಮಾಡಿಕೊಳ್ಳುತ್ತಾರೆ. ಉದಾಹರಣೆಗೆ 2.21 ಗ್ರಾಂ ಸೋಡಿಯಂ ಫ್ಲೋರೈಡ್ ಕರಗಿಸಿ ಲೀಟರ್ ಮಾಡಿದರೆ ಅದರಲ್ಲಿ 1,000 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಅದರಿಂದ ಪಿಪೆಟ್ಟಿನಲ್ಲಿ 1 ಮಿಲಿಲೀಟರ್ ತೆಗೆದು 100ಕ್ಕೆ ತುಂಬಿಸಿದರೆ ಲೀಟರಿಗೆ 10 ಮಿಲಿಗ್ರಾಂನ ದ್ರಾವಣ. ಮತ್ತೊಮ್ಮೆ ಹಾಗೇ ಮಾಡಿದರೆ 0.1 ಮಿಲಿಗ್ರಾಂ, ಇನ್ನೊಮ್ಮೆ ಮಾಡಿದರೆ ಲೀಟರಿಗೆ 1 ಮೈಕ್ರೊಗ್ರಾಂ. ಮೂರೇ ಹೆಜ್ಜೆಯಲ್ಲಿ ಹತ್ತು ಲಕ್ಷ ಪಟ್ಟು ತೆಳು. ಪ್ರತಿ ಹೆಜ್ಜೆಯ ಸಣ್ಣ ತಪ್ಪೂ ಮುಂದಿನದಕ್ಕೆ ಸಾಗಿಬರುತ್ತದೆ. ಪಾತ್ರೆಯ ಗೋಡೆಯೂ ಆಟ ಆಡುತ್ತದೆ. ಪಿಪಿಬಿ ಮಟ್ಟದ ಸೀಸದ ದ್ರಾವಣವನ್ನು ಹಾಗೇ ಬಿಟ್ಟರೆ ಅಯಾನುಗಳು ಗೋಡೆಗೆ ಅಂಟಿಕೊಂಡು ದ್ರಾವಣ ಇನ್ನಷ್ಟು ತೆಳುವಾಗುತ್ತದೆ. ತಡೆಯಲು ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಡುತ್ತಾರೆ. ಫ್ಲೋರೈಡಿಗೆ ಗಾಜಿನ ಬದಲು ಪ್ಲಾಸ್ಟಿಕ್ ಬಾಟಲಿ.

ಒಳಗಿನದು ಗೋಡೆಗೆ ಹೋಗುವುದಕ್ಕಿಂತ ಹೊರಗಿನದು ಒಳಗೆ ಬರುವುದು ಹೆಚ್ಚು ಅಪಾಯಕಾರಿ ಎಂಬುದಕ್ಕೆ ಸಮುದ್ರದ ಚಿನ್ನದ ಕಥೆ ಸಾಕ್ಷಿ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕ್‌ಗಳ ಪರಿಹಾರ ಹೇರಲಾಯಿತು. ಅಮೋನಿಯಾ ಸಂಶ್ಲೇಷಣೆಗೆ 1918ರ ನೊಬೆಲ್ ಪಡೆದಿದ್ದ ಫ್ರಿಟ್ಜ್ ಹೇಬರ್, ಸಮುದ್ರದ ನೀರಿನಿಂದ ಚಿನ್ನ ತೆಗೆದು ಆ ಸಾಲ ತೀರಿಸುವ ಯೋಜನೆಗೆ ಕೈಹಾಕಿದರು. ಒಂದು ಟನ್ ನೀರಿನಲ್ಲಿ ಕೆಲವು ಮಿಲಿಗ್ರಾಂ ಚಿನ್ನವಿದೆ ಎಂದು ಹಿಂದಿನವರು ಬರೆದಿಟ್ಟಿದ್ದರು. ಅದು ಕೆಲವು ಪಿಪಿಬಿ. ಸಮುದ್ರ ದೊಡ್ಡದು, ಲೆಕ್ಕ ಲಾಭದಾಯಕವಾಗಿ ಕಂಡಿತು. ಹಡಗಿನಲ್ಲೇ ಪ್ರಯೋಗಾಲಯ ಹೂಡಿ, ಹಲವು ಸಾಗರಗಳಿಂದ ಮಾದರಿ ತರಿಸಿ ಅಳೆದಾಗ ನಿಜವಾದ ಸಾರತೆ ಟನ್ನಿಗೆ ನೂರನೇ ಒಂದು ಮಿಲಿಗ್ರಾಂ ಕೂಡ ಇರಲಿಲ್ಲ. ಹಳೆಯ ಅಂಕಿಗಳಲ್ಲಿದ್ದ ಚಿನ್ನದ ಬಹುಪಾಲು ಬಂದದ್ದು ಸಮುದ್ರದಿಂದಲ್ಲ, ಪರೀಕ್ಷೆಗೆ ಬಳಸಿದ ರಾಸಾಯನಿಕಗಳಿಂದ ಮತ್ತು ಪಾತ್ರೆಗಳಿಂದ. ಹೇಬರ್ 1927ರಲ್ಲಿ ಫಲಿತಾಂಶ ಪ್ರಕಟಿಸಿ ಯೋಜನೆಗೆ ಮಂಗಳ ಹಾಡಿದರು. ಅವರ ಅಂಕಿಯೂ ಹೆಚ್ಚೇ ಇತ್ತು ಎಂಬುದು ಆಮೇಲೆ ತಿಳಿಯಿತು: ಈಚಿನ ಅಳತೆಗಳ ಪ್ರಕಾರ ಅಟ್ಲಾಂಟಿಕ್ ನೀರಿನಲ್ಲಿ ಲೀಟರಿಗೆ ಕೆಲವು ಹತ್ತು ಪಿಕೊಗ್ರಾಂ ಚಿನ್ನವಿದೆ, ಒಂದು ಘನ ಕಿಲೋಮೀಟರ್ ಸಮುದ್ರವನ್ನು ಸೋಸಿದರೆ ಸಿಗುವುದು ಒಂದೆರಡು ಬಳೆಗಾಗುವಷ್ಟು.

ಸೀಸದ ಕಥೆ ಇದಕ್ಕಿಂತ ಗಂಭೀರ. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು 1956ರಲ್ಲಿ ಸ್ಥಿರಪಡಿಸಿದ ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಅವರನ್ನು ಆ ಕೆಲಸದ ಉದ್ದಕ್ಕೂ ಕಾಡಿದ್ದು ಎಲ್ಲಿಂದಲೋ ಬಂದು ಸೇರುತ್ತಿದ್ದ ಸೀಸ. ಗಾಳಿಯ ಧೂಳಿನಲ್ಲಿ, ಗೋಡೆಯ ಬಣ್ಣದಲ್ಲಿ, ನಲ್ಲಿ ನೀರಿನಲ್ಲಿ, ಕೆಲಸ ಮಾಡುವವರ ಕೂದಲಿನಲ್ಲಿ ಸೀಸವಿತ್ತು. ಹೆಚ್ಚಿನದು ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಹೊಗೆ. ಕ್ಯಾಲ್ಟೆಕ್‌ನಲ್ಲಿ ಅವರು ಕಟ್ಟಿದ ಅತಿಶುದ್ಧ ಪ್ರಯೋಗಾಲಯ ಅಂಥವುಗಳಲ್ಲಿ ಮೊದಲನೆಯ ಸಾಲಿನದು. ಅಲ್ಲಿ ತಾಜಾ ಟ್ಯೂನಾ ಮೀನಿನ ಮಾಂಸವನ್ನು ಅಳೆದಾಗ ಗ್ರಾಂಗೆ 0.3 ನ್ಯಾನೊಗ್ರಾಂ ಸೀಸ ಸಿಕ್ಕಿತು. ಸರ್ಕಾರಿ ಪ್ರಯೋಗಾಲಯ ಕೊಟ್ಟಿದ್ದ ಅಂಕಿ 400. ಸಾವಿರ ಪಟ್ಟಿಗೂ ಮಿಕ್ಕ ಆ ವ್ಯತ್ಯಾಸವೆಲ್ಲ ಪ್ರಯೋಗಾಲಯದ ಸ್ವಂತ ಕೊಳೆ. ಸೀಸದ ಬೆಸುಗೆ ಹಾಕಿದ ಡಬ್ಬಿಯೊಳಗಿನ ಮೀನಿನಲ್ಲಿ 1,400 ಇತ್ತು. ತಾಜಾ ಮೀನಿಗೆ ಕೊಳೆ ತುಂಬಿದ ಅಂಕಿಯನ್ನೇ ಹಿಡಿದರೆ ಡಬ್ಬಿಯ ಮೀನು ಅದಕ್ಕಿಂತ ಮೂರೂವರೆ ಪಟ್ಟು ಕೆಟ್ಟದ್ದು. ಶುದ್ಧ ಅಳತೆಯಲ್ಲಿ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. 1980ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಅಳತೆಗಳ ಲೇಖನ ಸೀಸದ ಚರ್ಚೆಯ ದಿಕ್ಕನ್ನು ಬದಲಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇಂಥ ಕೊಳೆಯನ್ನು ಲೆಕ್ಕಕ್ಕೆ ಹಿಡಿಯಲು ಪ್ರತಿ ಅಳತೆಯ ಜೊತೆ ‘ಬ್ಲ್ಯಾಂಕ್’ ನಡೆಸುತ್ತಾರೆ. ಮಾದರಿಯ ಬದಲು ಶುದ್ಧ ನೀರಿಟ್ಟು, ಅದೇ ಪಾತ್ರೆ ಅದೇ ರಾಸಾಯನಿಕಗಳಿಂದ ಇಡೀ ಪರೀಕ್ಷೆಯನ್ನು ಮಾಡಿ, ಬಂದ ಅಂಕಿಯನ್ನು ಕಳೆಯುತ್ತಾರೆ. ಆ ಬ್ಲ್ಯಾಂಕ್ ಕೂಡ ಒಮ್ಮೆ ಬಂದಂತೆ ಇನ್ನೊಮ್ಮೆ ಬರುವುದಿಲ್ಲ, ಅಲುಗಾಡುತ್ತದೆ. ಈ ಅಲುಗಾಟದ ಮಾನಕ ವಿಚಲನೆಯ ಸುಮಾರು ಮೂರು ಪಟ್ಟು ಮೀರಿದ ಸಂಕೇತ ಬಂದರೆ ಮಾತ್ರ ‘ವಸ್ತು ಇದೆ’ ಎನ್ನುವುದು ಸಾಮಾನ್ಯ ನಿಯಮ, ಅದೇ ಪತ್ತೆಮಿತಿ. ‘ಎಷ್ಟಿದೆ’ ಎಂದು ಧೈರ್ಯವಾಗಿ ಹೇಳಲು ಸುಮಾರು ಹತ್ತು ಪಟ್ಟು ಬೇಕು. ಪತ್ತೆಮಿತಿಗಿಂತ ಕೆಳಗಿದ್ದರೆ ವರದಿಯಲ್ಲಿ ‘ಬಿಡಿಎಲ್’ ಎಂದೋ ‘0.005ಕ್ಕಿಂತ ಕಡಿಮೆ’ ಎಂದೋ ಬರೆಯುತ್ತಾರೆ. ಎರಡನೆಯದೇ ಉತ್ತಮ, ಯಾಕೆಂದರೆ ಮಿತಿ ಎಷ್ಟೆಂದು ಅದು ಹೇಳುತ್ತದೆ. ಇವೆರಡನ್ನೂ ಸೊನ್ನೆ ಎಂದು ಓದುವುದು ತಪ್ಪು.

ನಿಜವಾದ ಸೊನ್ನೆ ಎಲ್ಲಿದೆ ಎಂಬುದನ್ನು ಅಣುಗಳ ಎಣಿಕೆ ತೋರಿಸುತ್ತದೆ. ಲೀಟರಿಗೆ 1 ಪಿಕೊಗ್ರಾಂ ಸೀಸ ಎಂದರೆ ಇಂದಿನ ಉತ್ತಮ ಉಪಕರಣಗಳಿಗೂ ಸವಾಲು. ಆ ಲೀಟರಿನಲ್ಲಿ ಸೀಸದ ಸುಮಾರು 290 ಕೋಟಿ ಪರಮಾಣುಗಳಿರುತ್ತವೆ. ಇನ್ನೂ ತೆಳುವಾಗುತ್ತ ಹೋದರೆ ಒಂದು ಹಂತದಲ್ಲಿ ಸಾರತೆ ಎಂಬ ಮಾತಿಗೇ ಅರ್ಥ ತಪ್ಪುತ್ತದೆ. ಹೋಮಿಯೋಪಥಿಯ 12ಸಿ ಎಂಬ ಗುರುತು ನೂರು ಪಟ್ಟಿನ ತೆಳುಗೊಳಿಕೆಯನ್ನು ಹನ್ನೆರಡು ಸಲ ಮಾಡಿದ್ದನ್ನು ಸೂಚಿಸುತ್ತದೆ. ಒಟ್ಟು 10ರ 24ನೇ ಘಾತ. ಲೀಟರಿಗೆ ಒಂದು ಮೋಲ್ ಇದ್ದ ದ್ರಾವಣದಿಂದ ಹೊರಟರೂ ಅಲ್ಲಿಗೆ ತಲುಪುವಾಗ ಲೀಟರಿನಲ್ಲಿ ಉಳಿಯುವುದು 0.6 ಅಣು. ಅರ್ಧ ಅಣು ಇರುವುದಿಲ್ಲವಾದ್ದರಿಂದ ಇದನ್ನು ಸಂಭವನೀಯತೆಯಾಗಿ ಓದಬೇಕು: ಕೆಲವು ಲೀಟರುಗಳಲ್ಲಿ ಒಂದೋ ಎರಡೋ ಅಣು, ಉಳಿದವುಗಳಲ್ಲಿ ಏನೂ ಇಲ್ಲ. ಅಂಗಡಿಯಲ್ಲಿ ಸಿಗುವ 30ಸಿ 10ರ 60ನೇ ಘಾತದಷ್ಟು ತೆಳು. ಇಡೀ ಭೂಮಿಯ ಪರಮಾಣುಗಳ ಸಂಖ್ಯೆ 10ರ 50ನೇ ಘಾತದ ಆಸುಪಾಸಿನದು.

ಕಾನೂನು ರೂಪಿಸುವವರು ಈ ಎರಡು ಸೊನ್ನೆಗಳ ನಡುವೆ, ಎಂದರೆ ಅಳೆಯಲಾಗದ್ದಕ್ಕೂ ಇಲ್ಲದ್ದಕ್ಕೂ ನಡುವೆ, ಎಲ್ಲೋ ಒಂದು ಗೆರೆ ಎಳೆಯಬೇಕಾಗುತ್ತದೆ. ಯುರೋಪಿನ ದೇಶಗಳು 1980ರಲ್ಲಿ ಕುಡಿಯುವ ನೀರಿನ ಪ್ರತಿಯೊಂದು ಕೀಟನಾಶಕಕ್ಕೂ ಲೀಟರಿಗೆ 0.1 ಮೈಕ್ರೊಗ್ರಾಂ ಮಿತಿ ಹಾಕಿದವು. ಒಂದೊಂದು ಕೀಟನಾಶಕದ ವಿಷವನ್ನು ತೂಗಿ ನೋಡಿ ಇಟ್ಟ ಅಂಕಿ ಅದಲ್ಲ. ನೀರಿನಲ್ಲಿ ಕೀಟನಾಶಕ ಇರಲೇಬಾರದು ಎಂಬ ನಿಲುವನ್ನು ಅಂದಿನ ಉಪಕರಣಗಳ ಕಣ್ಣಿಗೆ ಹೊಂದಿಸಿದ್ದು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2003ರಲ್ಲಿ ಬಾಟಲಿ ನೀರಿನಲ್ಲಿ ಕೀಟನಾಶಕ ಕಂಡುಬಂದಿದೆ ಎಂದು ಪ್ರಕಟಿಸಿದ ಮೇಲೆ ಭಾರತವೂ ಬಾಟಲಿ ನೀರಿಗೆ ಅದೇ ಅಂಕಿಯನ್ನು ತಂದಿತು. ಆರ್ಸೆನಿಕ್‌ನ ವಿಚಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 1958ರಲ್ಲಿ ಲೀಟರಿಗೆ 200 ಮೈಕ್ರೊಗ್ರಾಂ ಎಂದಿತ್ತು, 1963ರಲ್ಲಿ 50 ಎಂದಿತು, 1993ರಲ್ಲಿ 10ಕ್ಕೆ ಇಳಿಸಿತು. ಆ ಹತ್ತರ ಪಕ್ಕದಲ್ಲಿ ‘ತಾತ್ಕಾಲಿಕ’ ಎಂಬ ಷರಾ ಇದೆ; ಅದಕ್ಕಿಂತ ಕೆಳಗೆ ಅಳೆಯುವುದೂ ನೀರಿನಿಂದ ತೆಗೆಯುವುದೂ ಕಷ್ಟ ಎಂಬ ಕಾರಣಕ್ಕೆ. ಅಂಟದ ಬಾಣಲೆ, ಬೆಂಕಿ ಆರಿಸುವ ನೊರೆ ಮುಂತಾದವುಗಳ ತಯಾರಿಕೆಯಲ್ಲಿ ಬಳಕೆಯಾಗಿ ನೀರಿಗೆ ಸೇರಿದ ಪಿಎಫ್‌ಒಎ, ಪಿಎಫ್‌ಒಎಸ್ ಎಂಬ ಎರಡು ಫ್ಲೋರೀನ್ ಸಂಯುಕ್ತಗಳಿಗೆ ಅಮೆರಿಕ 2024ರಲ್ಲಿ ನಿಗದಿ ಮಾಡಿದ ಆರೋಗ್ಯದ ಗುರಿ ಸೊನ್ನೆ, ಜಾರಿಗೊಳಿಸುವ ಮಿತಿ ಮಾತ್ರ ತಲಾ ಲೀಟರಿಗೆ 4 ನ್ಯಾನೊಗ್ರಾಂ. ದೇಶದ ಸಾಮಾನ್ಯ ಪ್ರಯೋಗಾಲಯಗಳು ಭರವಸೆಯಿಂದ ಅಳೆಯಬಲ್ಲ ಅತಿ ಕಡಿಮೆ ಸಾರತೆ ಅಷ್ಟೇ ಆಗಿರುವುದರಿಂದ ಗೆರೆ ಅಲ್ಲಿ ನಿಂತಿದೆ.